ಕೆರೆಯಂಗಳದ ಜೇಡಿಮಣ್ಣು: ಗದ್ದೆಯಲ್ಲಿ ನೀರು ಬಸಿಯುವುದು ಹೇಗೆ, ಬೆದ್ದಲಿಗೆ ಗೋಡು ಹೊಡೆಸುವುದು ಹೇಗೆ

ಕೆರೆ ಏರಿಯ ಕೆಳಗಿನ ಗದ್ದೆಯಲ್ಲಿ ಮಳೆ ನಿಂತು ಮೂರು ದಿನವಾದರೂ ಕಾಲಿಟ್ಟರೆ ಹೂತುಕೊಳ್ಳುತ್ತದೆ. ಅದೇ ಊರಿನ ದಿಣ್ಣೆ ಹೊಲದಲ್ಲಿ ಅದೇ ಮಳೆ ಬಿದ್ದ ಗುರುತೂ ಉಳಿದಿರುವುದಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಯಾವ ಕಡೆಯವರಿಗೂ ಇದು ಹೊಸ ಸಂಗತಿಯಲ್ಲ. ಎರಡು ಜಮೀನಿನ ನಡುವೆ ಒಂದು ಕಿಲೋಮೀಟರ್ ದೂರವೂ ಇರುವುದಿಲ್ಲ. ಆದರೂ ಒಂದು ಕಡೆ ನೀರು ಇಂಗುವುದೇ ಇಲ್ಲ, ಇನ್ನೊಂದು ಕಡೆ ನಿಲ್ಲುವುದೇ ಇಲ್ಲ.

ಹೀಗೇಕೆ ಎಂದು ತಿಳಿದರೆ ಎರಡೂ ಜಮೀನಿಗೆ ಮಾಡಬೇಕಾದ್ದು ತಾನಾಗಿ ಹೊಳೆಯುತ್ತದೆ. ಅದಕ್ಕೇ ಮೊದಲು ಮಣ್ಣಿನ ಹುಟ್ಟಿನಿಂದ ಶುರುಮಾಡೋಣ.

ಜೇಡಿ ಕೂರುವುದು ನಿಂತ ನೀರಿನಲ್ಲಿ

ನಮ್ಮ ಕಡೆಯ ನೆಲದಡಿ ಇರುವುದು ಕಗ್ಗಲ್ಲು, ಅಂದರೆ ಗ್ರಾನೈಟ್ ಮತ್ತು ನೈಸ್ ಎಂಬ ಶಿಲೆ. ಈ ಕಲ್ಲು ಸಾವಿರಾರು ವರ್ಷ ಬಿಸಿಲು ಮಳೆಗೆ ಸವೆದು ಕೆಂಪು ಮಣ್ಣಾಗಿದೆ. ಅದರಲ್ಲಿ ಮರಳಿದೆ, ನುಣುಪು ಧೂಳಿದೆ, ಜೇಡಿಯೂ ಇದೆ. ಮಳೆ ಜೋರಾಗಿ ಬಿದ್ದಾಗ ಮೂರೂ ಕೊಚ್ಚಿಕೊಂಡು ಹಳ್ಳಕ್ಕೆ ಇಳಿಯುತ್ತವೆ. ಮರಳು ಭಾರ, ಅದು ಹಳ್ಳದ ಬಾಯಲ್ಲೇ ಉಳಿಯುತ್ತದೆ. ನುಣುಪು ಧೂಳು ಮತ್ತು ಜೇಡಿ ಕೆರೆಯವರೆಗೆ ಬರುತ್ತವೆ.

ಜೇಡಿ ಕಣ ಎಷ್ಟು ಸಣ್ಣದೆಂದರೆ, ಒಂದು ಮಿಲಿಮೀಟರನ್ನು ಐನೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿಗಿಂತ ಕಿರಿದು. ನುಣುಪಾದ ಮರಳಿನ ಕಣ ನಿಂತ ನೀರಿನಲ್ಲಿ ಹತ್ತು ಸೆಂಟಿಮೀಟರ್ ಕೆಳಗಿಳಿಯಲು ಒಂದು ನಿಮಿಷವೂ ಬೇಡ. ಜೇಡಿ ಕಣಕ್ಕೆ ಅಷ್ಟೇ ದೂರ ಇಳಿಯಲು ಏಳೆಂಟು ಗಂಟೆ ಬೇಕು, ಇನ್ನೂ ಸಣ್ಣದಾದರೆ ದಿನಗಟ್ಟಲೆ. ಹರಿಯುವ ನೀರಿನಲ್ಲಿ ಅದು ಕೂರುವ ಮಾತೇ ಇಲ್ಲ. ಕೆರೆಯ ನೀರು ತಿಂಗಳುಗಟ್ಟಲೆ ಅಲುಗಾಡದೆ ನಿಲ್ಲುವುದರಿಂದ ಅಲ್ಲಿ ಪದರದ ಮೇಲೆ ಪದರವಾಗಿ ಕೂರುತ್ತದೆ. ಅದೇ ನಾವು ಹೇಳುವ ಹೂಳು, ಕೆರೆಗೋಡು.

ಜಗತ್ತಿನ ಬೇರೆ ಕಡೆಯೂ ಇದೇ ಕೆಲಸ ಬಹಳ ದೊಡ್ಡದಾಗಿ ನಡೆದಿದೆ. ಉತ್ತರ ಅಮೆರಿಕದಲ್ಲಿ ಹಿಮಯುಗ ಮುಗಿಯುವ ಹೊತ್ತಿಗೆ ಕರಗಿದ ನೀರು ಹಿಮರಾಶಿಯ ಅಂಚಿನಲ್ಲಿ ಮಡುಗಟ್ಟಿ ಭಾರಿ ಸರೋವರಗಳಾದವು. ಅಗಾಸಿಜ್ ಎಂದು ಕರೆಯುವ ಅಂಥ ಒಂದು ಸರೋವರ ಬತ್ತಿದ ಜಾಗವೇ ಇವತ್ತಿನ ಅಮೆರಿಕ ಮತ್ತು ಕೆನಡಾದ ರೆಡ್ ನದಿ ಬಯಲು. ಅಲ್ಲಿನ ನೆಲ ಚಪ್ಪಟೆ, ಮಣ್ಣು ಬರೀ ಜೇಡಿ, ನೀರು ಬಸಿಯುವುದೇ ಇಲ್ಲ. ಓಹಿಯೊ ರಾಜ್ಯದ ವಾಯವ್ಯ ಮೂಲೆಯಲ್ಲಿ ಇಂಥದೇ ಜಾಗ 'ಗ್ರೇಟ್ ಬ್ಲ್ಯಾಕ್ ಸ್ವಾಂಪ್' ಎಂಬ ಜೌಗು ಕಾಡಾಗಿತ್ತು. 19ನೇ ಶತಮಾನದ ರೈತರು ಅದೇ ಜೇಡಿಯನ್ನು ಸುಟ್ಟು ಕೊಳವೆ ಮಾಡಿ, ನೆಲದಡಿ ಹೂತು, ನೀರು ಬಸಿದು ಅದನ್ನು ಹೊಲ ಮಾಡಿಕೊಂಡರು.

ನಮ್ಮಲ್ಲಿ ಹಿಮ ಇರಲಿಲ್ಲ. ನಮ್ಮ ಸರೋವರಗಳನ್ನು ಕಟ್ಟಿದವರು ನಮ್ಮ ಹಿರೀಕರು. ನಂದಿ ಬೆಟ್ಟದ ಸುತ್ತ ಹುಟ್ಟುವ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಪಾಗ್ನಿ, ಚಿತ್ರಾವತಿ ಯಾವುದೂ ವರ್ಷವಿಡೀ ಹರಿಯುವ ನದಿಯಲ್ಲ. ಅದಕ್ಕೇ ಪ್ರತಿ ತಗ್ಗಿಗೂ ಏರಿ ಹಾಕಿದರು. ಒಂದು ಕೆರೆಯ ಕೋಡಿ ಇನ್ನೊಂದು ಕೆರೆಗೆ ಸೇರುವ ಹಾಗೆ ಸರಪಳಿ ಮಾಡಿದರು. ಕಂದವಾರ ಕೆರೆ, ರಾಮಸಮುದ್ರ, ಕನ್ನಂಪಲ್ಲಿ ಕೆರೆ, ಮರಳೂರು ಕೆರೆ ಎಲ್ಲದರ ಅಂಗಳದಲ್ಲೂ ತಲೆಮಾರುಗಳಿಂದ ಕೂತಿರುವುದು ಮೇಲಿನ ಹೊಲಗಳಿಂದ ಇಳಿದುಬಂದ ಮಣ್ಣು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನೀರು ಇಂಗದಿರಲು ಕಾರಣ

ಮಣ್ಣಿನಲ್ಲಿ ನೀರು ಓಡಾಡುವುದು ಕಣಗಳ ನಡುವಿನ ಸಂದಿಯಲ್ಲಿ. ಮರಳಿನಲ್ಲಿ ಸಂದಿ ದೊಡ್ಡದು; ಗಂಟೆಗೆ 30 ಮಿಲಿಮೀಟರಿಗಿಂತ ಹೆಚ್ಚು ನೀರು ಇಂಗುತ್ತದೆ. ಜೇಡಿಯಲ್ಲಿ ಗಂಟೆಗೆ 1ರಿಂದ 5 ಮಿಲಿಮೀಟರ್ ಇಂಗಿದರೆ ಹೆಚ್ಚು. ನಮ್ಮ ಕಡೆ ವರ್ಷದ ಮಳೆ ಸುಮಾರು 700 ಮಿಲಿಮೀಟರ್ ಆಸುಪಾಸು. ಅದರ ದೊಡ್ಡ ಪಾಲು ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ ಜೋರು ಮಳೆಯಾಗಿ ಬರುತ್ತದೆ. ಒಂದೇ ಸಂಜೆ 50 ಮಿಲಿಮೀಟರ್ ಸುರಿದರೆ ಜೇಡಿ ನೆಲ ಅದನ್ನು ಕುಡಿಯಲಾರದು. 2021ರ ನವೆಂಬರಿನಲ್ಲಿ ಕೆರೆಗಳೆಲ್ಲ ಕೋಡಿ ಹೋದಾಗ ಅಚ್ಚುಕಟ್ಟಿನ ಬೆಳೆ ಎಷ್ಟು ದಿನ ನೀರಿನಲ್ಲಿ ನಿಂತಿತ್ತು ಎಂಬುದನ್ನು ನೋಡಿದವರು ಮರೆತಿರಲಾರರು.

ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಸಂದಿಯಲ್ಲೆಲ್ಲ ನೀರು ತುಂಬಿದರೆ ಗಾಳಿಗೆ ಜಾಗವಿಲ್ಲ. ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಟೊಮ್ಯಾಟೊ ಗಿಡ ಕಾಲಡಿ ನೀರಿದ್ದೂ ಬಾಡುವುದು ಇದರಿಂದಲೇ. ಹಿಪ್ಪುನೇರಳೆಗೆ ಬೇರು ಕೊಳೆ ರೋಗ ಹತ್ತಲೂ ಇದು ಅನುಕೂಲ. ಆಲೂಗಡ್ಡೆಯಂತೂ ನೆಲದೊಳಗೇ ಕೊಳೆಯುತ್ತದೆ. ಎಲೆ ಹಳದಿಯಾಯಿತೆಂದು ಬಹಳ ಜನ ಇನ್ನೊಂದು ಕಂತು ಯೂರಿಯಾ ಎರಚುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಗಾಳಿಯಿಲ್ಲದ ಮಣ್ಣಿನಲ್ಲಿ ಸೂಕ್ಷ್ಮಜೀವಿಗಳು ಸಾರಜನಕವನ್ನು ಅನಿಲ ಮಾಡಿ ಹಾರಿಸಿಬಿಡುತ್ತವೆ. ಮೊದಲು ನೀರು ಹೊರಗೆ ಹೋಗಬೇಕು, ಗೊಬ್ಬರ ಆಮೇಲೆ.

ಹಾಗಾದರೆ ಜೇಡಿ ಕೆಟ್ಟ ಮಣ್ಣೇ? ಖಂಡಿತ ಅಲ್ಲ. ನೀರನ್ನು ಬಿಡದ ಗುಣವೇ ಹಿಡಿದಿಟ್ಟುಕೊಳ್ಳುವ ಗುಣವೂ ಹೌದು. ಒಂದು ಮೀಟರ್ ಆಳದ ಮರಳು ಮಣ್ಣು ಬೆಳೆಗೆ ಸಿಗುವಂತೆ ಹಿಡಿದಿಡುವ ನೀರು 25ರಿಂದ 100 ಮಿಲಿಮೀಟರ್. ಅಷ್ಟೇ ಆಳದ ಜೇಡಿ 175ರಿಂದ 250 ಮಿಲಿಮೀಟರ್ ಹಿಡಿಯುತ್ತದೆ. ಗೊಬ್ಬರದ ಸತ್ವವನ್ನೂ ಹಾಗೆಯೇ ಹಿಡಿದುಕೊಳ್ಳುತ್ತದೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಜಿಲ್ಲೆಯ ರೈತರ ಕೈಗೆ ಸಿಗುವ ಅತಿ ಬೆಲೆಬಾಳುವ ವಸ್ತು ಇದೇ, ಅದು ಇರಬೇಕಾದ ಜಾಗದಲ್ಲಿ ಇಲ್ಲ ಅಷ್ಟೆ.

ನಿಮ್ಮ ಮಣ್ಣು ಯಾವುದು, ಮನೆಯಲ್ಲೇ ನೋಡಿಕೊಳ್ಳಿ

ಒಂದು ಗಾಜಿನ ಬಾಟಲಿ ತೆಗೆದುಕೊಳ್ಳಿ. ಮೂರರಲ್ಲಿ ಒಂದು ಪಾಲು ಪುಡಿ ಮಾಡಿದ ಮಣ್ಣು ಹಾಕಿ. ಚಿಟಿಕೆ ಬಟ್ಟೆ ಸೋಪಿನ ಪುಡಿ ಸೇರಿಸಿ ನೀರು ತುಂಬಿ ಚೆನ್ನಾಗಿ ಕುಲುಕಿ. ನೆಟ್ಟಗೆ ಇಟ್ಟು ಒಂದು ನಿಮಿಷಕ್ಕೆ ತಳದಲ್ಲಿ ಎಷ್ಟು ಕೂತಿದೆಯೋ ಗುರುತು ಹಾಕಿ, ಅದು ಮರಳು. ಎರಡು ಗಂಟೆಗೆ ಇನ್ನೊಂದು ಗುರುತು, ಮಧ್ಯದ್ದು ನುಣುಪು ಧೂಳು. ಎರಡು ದಿನ ಬಿಟ್ಟು ನೋಡಿ, ಮೇಲೆ ಕೂತದ್ದು ಜೇಡಿ. ಒಟ್ಟು ಎತ್ತರದಲ್ಲಿ ಜೇಡಿಯ ಪಾಲು ಅರ್ಧದ ಹತ್ತಿರ ಬಂದರೆ ಅದು ಅಪ್ಪಟ ಗೋಡು.

ಎರಡನೆಯದು ಗುಂಡಿ ಪರೀಕ್ಷೆ. ಒಂದು ಅಡಿ ಆಳದ ಗುಂಡಿ ತೋಡಿ ನೀರು ತುಂಬಿ, ಪೂರ್ತಿ ಇಂಗಲು ಬಿಡಿ. ಮತ್ತೆ ತುಂಬಿ ಗಂಟೆಗೆ ಎಷ್ಟು ಇಳಿಯುತ್ತದೆ ಎಂದು ಕಡ್ಡಿಯಿಟ್ಟು ಅಳೆಯಿರಿ. ಒಂದು ಇಂಚಿಗಿಂತ ಕಡಿಮೆ ಇಳಿದರೆ ನೀರು ಬಸಿಯದ ನೆಲ ಎಂದು ತಿಳಿಯಿರಿ.

ಹಾಗೇ ಮೊಣಕಾಲಾಳದವರೆಗೆ ಅಗೆದು ಗುಂಡಿಯ ಗೋಡೆಯನ್ನು ಹತ್ತಿರದಿಂದ ನೋಡಿ. ಮೇಲಿನ ಗೇಣುದ್ದ ಕಂದು ಬಣ್ಣವಿರುತ್ತದೆ. ಅದರ ಕೆಳಗೆ ಬೂದು ಬಣ್ಣ, ಕೆಲವೊಮ್ಮೆ ನೀಲಿ ಛಾಯೆ ಶುರುವಾಗುತ್ತದೆ. ಹಳೆಯ ಬೇರು ಇಳಿದಿದ್ದ ದಾರಿಯಲ್ಲಿ ಮಾತ್ರ ತುಕ್ಕಿನಂಥ ಕೆಂಗಂದು ಗೆರೆಗಳು. ಮಣ್ಣಿನ ಕಬ್ಬಿಣಕ್ಕೆ ಗಾಳಿ ಸಿಕ್ಕ ಕಡೆ ತುಕ್ಕು, ಸಿಗದ ಕಡೆ ಬೂದು. ಆ ಬೂದು ಎಲ್ಲಿಂದ ಶುರುವಾಗುತ್ತದೆಯೋ ಅಲ್ಲಿಯವರೆಗೆ ಪ್ರತಿ ವರ್ಷ ನೀರು ಬಂದು ನಿಲ್ಲುತ್ತದೆ ಎಂದರ್ಥ. ಬೇಸಿಗೆಯಲ್ಲಿ ಜಮೀನು ಕೊಳ್ಳಲು ಹೋದವರು ಇದೊಂದು ಗುಂಡಿ ತೋಡಿಸಿ ನೋಡಿದರೆ ಮಳೆಗಾಲದ ಸ್ಥಿತಿ ಅಲ್ಲೇ ಗೊತ್ತಾಗುತ್ತದೆ.

ಗದ್ದೆ ಬಯಲಿನವರು ಮಾಡಬೇಕಾದ್ದು

ಮೊದಲ ಪ್ರಶ್ನೆ: ನೀರು ಎಲ್ಲಿಂದ ಬರುತ್ತಿದೆ? ಮೇಲಿಂದ ಬೀಳುವ ಮಳೆಯೇ, ಅಥವಾ ಕೆರೆಯಿಂದ ಒಳಗೊಳಗೇ ಒಸರುವ ನೀರೇ? ಮಳೆಯಿಲ್ಲದ ತಿಂಗಳಲ್ಲೂ ಏರಿಯ ಪಕ್ಕದ ಅಂಚು ತೇವವಾಗಿದ್ದರೆ ಅದು ಒಸರು. ಅದಕ್ಕೆ ಜಮೀನಿನ ಮೇಲಂಚಿನಲ್ಲೇ ಎರಡೂವರೆಯಿಂದ ಮೂರು ಅಡಿ ಆಳದ ಬಸಿಗಾಲುವೆ ಬೇಕು. ಒಸರು ಜಮೀನಿಗೆ ಇಳಿಯುವ ಮುನ್ನವೇ ಅದು ಹಿಡಿದು ಪಕ್ಕಕ್ಕೆ ಸಾಗಿಸುತ್ತದೆ. ಬಹಳ ಜನ ಜಮೀನಿನ ಕೆಳಂಚಿನಲ್ಲಿ ಮಾತ್ರ ಕಾಲುವೆ ತೆಗೆಸುತ್ತಾರೆ. ಒಸರಿಗೆ ಅದರಿಂದ ಉಪಯೋಗ ಕಡಿಮೆ. ಒಂದು ಎಚ್ಚರಿಕೆ: ಏರಿಯ ಬುಡಕ್ಕೆ ತಾಗಿದಂತೆ ಕಾಲುವೆ ತೋಡಬಾರದು. ಏರಿ ದುರ್ಬಲವಾಗುತ್ತದೆ, ಅದು ಇಡೀ ಊರಿಗೆ ಅಪಾಯ.

ಮಳೆ ನೀರಿನದೇ ತೊಂದರೆಯಾದರೆ ಏರುಮಡಿ ಸಾಕು. ಗಿಡದ ಸಾಲನ್ನು ಒಂದಡಿ ಎತ್ತರದ ಮಡಿಯ ಮೇಲೆ ತಂದು, ಮಡಿಗಳ ನಡುವಿನ ತಗ್ಗಿಗೆ ನೂರು ಅಡಿಗೆ ನಾಲ್ಕು ಇಂಚಿನಷ್ಟು ಇಳಿಜಾರು ಕೊಡಿ. ಇಳಿಜಾರು ಕಣ್ಣಂದಾಜಿನಲ್ಲಿ ಮಾಡಬೇಡಿ; ಗಾರೆ ಕೆಲಸದವರ ಹತ್ತಿರ ಇರುವ ನೀರು ತುಂಬಿದ ಪಾರದರ್ಶಕ ಕೊಳವೆಯಿಂದ ಮಟ್ಟ ನೋಡಿಕೊಳ್ಳಬಹುದು.

ನೆಲದಡಿ ತೂತಿನ ಪ್ಲಾಸ್ಟಿಕ್ ಪೈಪು ಹಾಕಿಸುವುದು ಹೇಗೆ ಎಂದು ಕೇಳುವವರಿದ್ದಾರೆ. ಓಹಿಯೊದ ಸುಟ್ಟ ಕೊಳವೆಯ ಇಂದಿನ ರೂಪ ಅದು. ತುಂಗಭದ್ರಾ ಅಚ್ಚುಕಟ್ಟಿನ ಸವಳು ಜವಳು ನೆಲಕ್ಕೆ ಇದನ್ನು ಬಳಸುತ್ತಾರೆ, ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇದರ ಮೇಲೆ ಕೆಲಸವೂ ನಡೆದಿದೆ. ನಮ್ಮ ಒಂದೆರಡು ಎಕರೆ ಹಿಡುವಳಿಗೆ ನಾನು ಅದನ್ನು ಮೊದಲ ಆಯ್ಕೆಯಾಗಿ ಹೇಳುವುದಿಲ್ಲ. ಪೈಪಿನ ಬಾಯಿ ತೆರೆಯಲು ಅದಕ್ಕಿಂತ ತಗ್ಗಿನ ಹಳ್ಳ ಬೇಕು, ನಮ್ಮ ಗದ್ದೆ ಬಯಲುಗಳಲ್ಲಿ ಅದು ಸಿಗುವುದು ಅಪರೂಪ.

ನಿಜವಾದ ತೊಡಕು ಇರುವುದು ಹೊರದಾರಿಯಲ್ಲೇ. ನಿಮ್ಮ ಕಾಲುವೆ ಎಷ್ಟು ಚೆನ್ನಾಗಿದ್ದರೂ ಊರ ಕಾಲುವೆ ಒತ್ತುವರಿಯಾಗಿದ್ದರೆ ನೀರು ಹೋಗುವುದೆಲ್ಲಿಗೆ? ಭೂಮಾಪನ ಇಲಾಖೆಯ 'ದಿಶಾಂಕ್' ಆಪ್‌ನಲ್ಲಿ ನೀವು ನಿಂತ ಜಾಗದ ಸರ್ವೆ ನಂಬರ್ ಕಾಣುತ್ತದೆ. ಗ್ರಾಮ ನಕ್ಷೆಯಲ್ಲಿ ಹಳ್ಳ, ಕಾಲುವೆಗಳನ್ನೂ ಗುರುತಿಸಿರುತ್ತಾರೆ. ಮೊದಲು ಅಕ್ಕಪಕ್ಕದವರ ಜೊತೆ ಕೂತು ನಕ್ಷೆ ನೋಡಿ. ನೀರು ಬಸಿಯದೆ ನಷ್ಟ ಅವರಿಗೂ ಆಗುತ್ತಿರುತ್ತದೆ, ಮಾತಿನಲ್ಲೇ ಮುಗಿಯುವ ಸಾಧ್ಯತೆ ಹೆಚ್ಚು.

ಜೇಡಿಗೆ ಮರಳು ಬೆರೆಸಿದರೆ ಆಗದೇ? ಲೆಕ್ಕ ಹಾಕಿ ನೋಡಿ. ಶೇ. 50 ಜೇಡಿ ಇರುವ ಮಣ್ಣನ್ನು ಶೇ. 25ಕ್ಕೆ ಇಳಿಸಬೇಕಾದರೆ ಇದ್ದಷ್ಟೇ ಮರಳು ಸೇರಿಸಬೇಕು. ಉಳುಮೆಯ ಆಳ 15 ಸೆಂಟಿಮೀಟರ್ ಎಂದರೂ ಎಕರೆಗೆ 600 ಘನ ಮೀಟರ್, ಇನ್ನೂರಕ್ಕೂ ಹೆಚ್ಚು ಟ್ರ್ಯಾಕ್ಟರ್ ಲೋಡು. ಆ ದುಡ್ಡಿಗೆ ಹತ್ತು ಕಾಲುವೆ ತೆಗೆಸಬಹುದು. ಅದರ ಬದಲು ಕೊಟ್ಟಿಗೆ ಗೊಬ್ಬರ ಹಾಕಿ, ಹಸಿರೆಲೆ ಗೊಬ್ಬರಕ್ಕೆ ಸೆಣಬು ಅಥವಾ ಡಯಾಂಚ ಬಿತ್ತಿ ಬೆಳೆಸಿ, ಮಣ್ಣಿಗೆ ಉತ್ತು ಸೇರಿಸಿ. ಜೇಡಿ ಹರಳುಗಟ್ಟಿ ಸಂದಿ ತೆರೆದುಕೊಳ್ಳುತ್ತದೆ. ಜಿಪ್ಸಂ ಎಲ್ಲ ಜೇಡಿಗೂ ಔಷಧಿಯಲ್ಲ. ಪಿ.ಎಚ್., ಅಂದರೆ ಮಣ್ಣಿನ ರಸಸಾರ, 8.5 ದಾಟಿ ಕ್ಷಾರ ಹೆಚ್ಚಾಗಿದೆ ಎಂದು ಪರೀಕ್ಷೆಯಲ್ಲಿ ಬಂದರೆ ಮಾತ್ರ ಹಾಕಿ. ಇನ್ನು ಹಸಿ ಜೇಡಿಗೆ ಟ್ರ್ಯಾಕ್ಟರ್ ಇಳಿಸಬೇಡಿ. ಹಿಡಿ ಮಣ್ಣನ್ನು ಉಂಡೆ ಕಟ್ಟಿ ಬೆರಳಿನಿಂದ ಒತ್ತಿದರೆ ಪುಡಿಯಾಗಬೇಕು, ಅಪ್ಪಚ್ಚಿಯಾದರೆ ಇನ್ನೂ ಕಾಯಬೇಕು.

ದಿಣ್ಣೆ ಹೊಲಕ್ಕೆ ಗೋಡು

ಈಗ ಇನ್ನೊಂದು ಕಡೆಯ ಮಾತು. ಕೆಂಪು ಮಣ್ಣಿನ ಬೆದ್ದಲಿನಲ್ಲಿ ಜೇಡಿಯ ಪಾಲು ಶೇ. 10ರ ಹತ್ತಿರ ಇದೆ ಎಂದುಕೊಳ್ಳಿ. ಒಂದು ಎಕರೆಯ ಮೇಲೆ ಒಂದು ಸೆಂಟಿಮೀಟರ್ ದಪ್ಪ ಮಣ್ಣು ಹರಡಲು 40 ಘನ ಮೀಟರ್ ಬೇಕು. ಒಂದು ಟ್ರ್ಯಾಕ್ಟರ್ ಲೋಡಿನಲ್ಲಿ ಎರಡೂವರೆಯಿಂದ ಮೂರು ಘನ ಮೀಟರ್ ಹಿಡಿಯುತ್ತದೆ. ಅಂದರೆ 40 ಲೋಡು ಹೊಡೆಸಿದರೆ ಎರಡೂವರೆಯಿಂದ ಮೂರು ಸೆಂಟಿಮೀಟರ್ ಆಯಿತು. ಶೇ. 50 ಜೇಡಿಯ ಗೋಡು ಎರಡೂವರೆ ಸೆಂಟಿಮೀಟರ್ ಹರಡಿ, 15 ಸೆಂಟಿಮೀಟರ್ ಆಳ ಉತ್ತು ಬೆರೆಸಿದರೆ ಜೇಡಿಯ ಪಾಲು ಶೇ. 16ರ ಹತ್ತಿರಕ್ಕೆ ಏರುತ್ತದೆ. ಮಳೆ ವಾರ ಹತ್ತು ದಿನ ಕೈಕೊಟ್ಟಾಗ ರಾಗಿ ತಡೆದುಕೊಳ್ಳಲು ಈ ವ್ಯತ್ಯಾಸ ಸಹಾಯ ಮಾಡುತ್ತದೆ. ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ತೋಟಕ್ಕೆ ಹಿರಿಯರು ಕೆರೆ ಮಣ್ಣು ಹೊಡೆಸುತ್ತಿದ್ದದ್ದೂ ಇದಕ್ಕೇ: ಸೊಪ್ಪಿನಲ್ಲಿ ನೀರಿನಂಶ ಉಳಿದರೆ ಹುಳು ಚೆನ್ನಾಗಿ ಮೇಯುತ್ತದೆ.

ಹೆಚ್ಚು ಹೊಡೆಸಿದರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. ಎಕರೆಗೆ ನೂರಾರು ಲೋಡು ಸುರಿದು, ಸರಿಯಾಗಿ ಬೆರೆಸದೆ ಬಿಟ್ಟರೆ ಮೇಲೆ ಹೆಂಟೆ, ಕೆಳಗೆ ಕೆಂಪು ಮಣ್ಣು ಬೇರೆಬೇರೆಯಾಗಿ ಉಳಿಯುತ್ತವೆ. ನೀರು ಮೇಲಿನ ಪದರದಲ್ಲೇ ನಿಲ್ಲುತ್ತದೆ. ನಿಮ್ಮ ಗದ್ದೆಯ ತೊಂದರೆಯನ್ನು ಹೊಲಕ್ಕೂ ತಂದುಕೊಂಡ ಹಾಗಾಗುತ್ತದೆ. ದ್ರಾಕ್ಷಿ ತೋಟದವರಿಗೆ ಇನ್ನೂ ಹೆಚ್ಚಿನ ಜಾಗ್ರತೆ ಬೇಕು. ದ್ರಾಕ್ಷಿ ಬೇರು ಜಿಗುಟು ನೆಲವನ್ನು ಸಹಿಸುವುದಿಲ್ಲ.

ಕಾಲ ಏಪ್ರಿಲ್, ಮೇ. ಕೆರೆಯಂಗಳ ಒಣಗಿರಬೇಕು. ಹೊಲದಲ್ಲಿ ಸಣ್ಣ ಸಣ್ಣ ಗುಡ್ಡೆ ಹಾಕಿಸಿ ಎರಡು ಮೂರು ವಾರ ಬಿಸಿಲಿಗೆ ಬಿಡಿ. ಒಂದು ಮಳೆ ಬಿದ್ದರೆ ಹೆಂಟೆ ತಾನೇ ಒಡೆಯುತ್ತದೆ, ಆಗ ಹರಡಿ ಉಳುಮೆ ಮಾಡಿಸಿ. ಗೋಡಿನ ಜೊತೆ ಜಾಲಿ, ಜೊಂಡಿನ ಬೀಜವೂ ಬರುತ್ತದೆ. ಮೊದಲ ವರ್ಷ ಕಳೆ ಜಾಸ್ತಿ ಎಂದು ಮನಸ್ಸಿನಲ್ಲಿರಲಿ.

ಕೆರೆಯಲ್ಲಿ ಎಲ್ಲಿ, ಎಷ್ಟು ಆಳ ತೆಗೆಯಬೇಕು? ಕಪ್ಪು, ನುಣುಪು ಮಣ್ಣು ಇರುವಷ್ಟು ಮಾತ್ರ. ಸತ್ವ ಹೆಚ್ಚಿರುವುದು ಮೇಲಿನ ಪದರದಲ್ಲೇ. ಗರಸು ಕಂಡ ಕೂಡಲೇ ನಿಲ್ಲಿಸಿ. ಒಂದೇ ಕಡೆ ಬಾವಿಯ ಹಾಗೆ ತೋಡುವುದು ಬೇಡ; ಅಂಥ ಗುಂಡಿಗೆ ದನ, ಮಕ್ಕಳು ಬಿದ್ದು ಸಾಯುವುದನ್ನು ಪ್ರತಿ ಮಳೆಗಾಲ ಓದುತ್ತಿದ್ದೇವೆ. ಏರಿ ಮತ್ತು ತೂಬಿನ ಹತ್ತಿರಕ್ಕೆ ಹೋಗಲೇಬೇಡಿ.

ಖರ್ಚು, ಅನುಮತಿ

ಹೊಲಕ್ಕೆ ಒಯ್ಯುವ ಗೋಡಿನಲ್ಲಿ ಮುಖ್ಯ ಖರ್ಚು ಮಣ್ಣಿನದಲ್ಲ, ತುಂಬುವ ಜೆಸಿಬಿಯದು ಮತ್ತು ಸಾಗಿಸುವ ಟ್ರ್ಯಾಕ್ಟರಿನದು. ದೂರ ಹೆಚ್ಚಿದಷ್ಟೂ ಖರ್ಚು ಹೆಚ್ಚು. ಉದಾಹರಣೆಗೆ ತುಂಬಿ ತಂದು ಸುರಿಯಲು ಲೋಡಿಗೆ 400 ರೂಪಾಯಿ ಎಂದಿಟ್ಟುಕೊಂಡರೆ 40 ಲೋಡಿಗೆ 16,000 ಆಯಿತು. ನಿಮ್ಮೂರಿನ ದರ ಹಾಕಿ ಲೆಕ್ಕ ಮಾಡಿ. ಎರಡು ಮೂರು ಕಿಲೋಮೀಟರ್ ದಾಟಿದರೆ ಇನ್ನೊಂದು ಹತ್ತಿರದ ಕೆರೆ ನೋಡುವುದು ಮೇಲು. ನಾಲ್ಕೈದು ಮನೆಯವರು ಸೇರಿ ಜೆಸಿಬಿ ಕರೆಸಿದರೆ ಗಾಡಿ ಬಂದು ಹೋಗುವ ಖರ್ಚು ಹಂಚಿಹೋಗುತ್ತದೆ. ಬಸಿಗಾಲುವೆಗೂ ಇದೇ ಲೆಕ್ಕ: ಚೌಕವಾದ ಒಂದು ಎಕರೆಗೆ ಒಂದು ಬದಿ ಸುಮಾರು 210 ಅಡಿ, ಮೇಲಂಚು ಮತ್ತು ಒಂದು ಪಕ್ಕ ಸೇರಿ 420 ಅಡಿ.

ಅನುಮತಿ ಕೇಳಬೇಕಾದ್ದು ಕೆರೆಯ ಗಾತ್ರ ನೋಡಿಕೊಂಡು. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಕೆರೆ ಪಂಚಾಯತ್ ವ್ಯವಸ್ಥೆಗೆ ಸೇರಿದ್ದು, ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ಅದಕ್ಕಿಂತ ದೊಡ್ಡದಾದರೆ ಸಣ್ಣ ನೀರಾವರಿ ಇಲಾಖೆ. ಅನುಮತಿಯನ್ನು ಬರವಣಿಗೆಯಲ್ಲಿ ಪಡೆದು, ಪಹಣಿಯ ಪ್ರತಿ ಜೊತೆಗಿಟ್ಟು ಟ್ರ್ಯಾಕ್ಟರ್ ಚಾಲಕರ ಕೈಗೆ ಕೊಡಿ. ಇಟ್ಟಿಗೆ ಗೂಡಿಗೆ, ಫಿಲ್ಟರ್ ಮರಳು ದಂಧೆಗೆ ಕೆರೆ ಮಣ್ಣು ಹೋಗುವುದರಿಂದ ದಾರಿಯಲ್ಲಿ ತಡೆದು ಕೇಳುವುದು ಸಹಜ, ಕೇಳಲೂಬೇಕು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ 'ನಮ್ಮೂರು ನಮ್ಮ ಕೆರೆ' ಕಾರ್ಯಕ್ರಮದಂಥ ಹೂಳೆತ್ತುವ ಕೆಲಸ ನಿಮ್ಮೂರಿಗೆ ಬಂದರೆ ಆ ಅವಕಾಶ ಬಿಡಬೇಡಿ. ಅಗೆಯುವ ಖರ್ಚು ಅವರದಾಗಿ, ಸಾಗಣೆ ಮಾತ್ರ ನಿಮ್ಮ ಪಾಲಿಗೆ ಬರಬಹುದು.

ಮಣ್ಣು ಪರೀಕ್ಷೆಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಮಾದರಿ ಕೊಡಬಹುದು. ಚಿಂತಾಮಣಿ ಹತ್ತಿರದ ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಲಹೆಯೂ ಸಿಗುತ್ತದೆ. ಹೊಲದ ಮಣ್ಣು, ಕೆರೆಯ ಗೋಡು ಎರಡನ್ನೂ ಬೇರೆಬೇರೆ ಚೀಲದಲ್ಲಿ ಕೊಡಿ. ಗೋಡಿನ ಇ.ಸಿ., ಅಂದರೆ ಲವಣಾಂಶದ ಅಳತೆ, 1ಕ್ಕಿಂತ ಕಡಿಮೆಯಿರಬೇಕು.

ಬೆಂಗಳೂರಿನ ನೀರು ಬಂದ ಕೆರೆಗಳು

ಇದನ್ನು ಪ್ರತ್ಯೇಕವಾಗಿ ಹೇಳಬೇಕು. ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಸಂಸ್ಕರಿಸಿ ನಮ್ಮ ಕಡೆಯ ಕೆರೆಗಳಿಗೆ ತುಂಬಿಸುತ್ತಿದ್ದಾರೆ. ಬೆಂಗಳೂರು ನಗರ ಮತ್ತು ಗ್ರಾಮಾಂತರವೂ ಸೇರಿ ಯೋಜನೆಯಲ್ಲಿರುವುದು 65 ಕೆರೆ. ಕೋಲಾರಕ್ಕೆ 2018ರಲ್ಲಿ ಹರಿಯತೊಡಗಿದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರಿನಲ್ಲಿ ಚಿಂತಾಮಣಿ ಕಡೆಯ ಕೆಲವು ಕೆರೆಗಳಿಗೂ ಪಾಲಿದೆ. ಸಾವಿರ ಅಡಿ ಕೊರೆದರೂ ನೀರು ಸಿಗದ ನಾಡಿನಲ್ಲಿ ಕೆರೆ ತುಂಬಿರುವುದು ಸಮಾಧಾನದ ಸಂಗತಿ. ಮೂರನೇ ಹಂತದ ಸಂಸ್ಕರಣೆಯೂ ಆಗಬೇಕೆಂಬ ಜನರ ಬೇಡಿಕೆ ನ್ಯಾಯವಾದದ್ದು ಎಂದೇ ನನ್ನ ನಂಬಿಕೆ.

ಮಣ್ಣಿನ ಮಟ್ಟಿಗೆ ಇದರಿಂದ ಎರಡು ಬದಲಾವಣೆ. ಮೊದಲನೆಯದು, ಕೆರೆ ಬೇಸಿಗೆಯಲ್ಲೂ ಒಣಗದೆ ಗೋಡು ತೆಗೆಯುವ ಅವಕಾಶ ಕಡಿಮೆಯಾಗುತ್ತದೆ, ಏರಿಯ ಕೆಳಗೆ ಒಸರು ವರ್ಷವಿಡೀ ಇರಬಹುದು. ಹಿಂದೆ ಬೇಡವಾಗಿದ್ದ ಮೇಲಂಚಿನ ಬಸಿಗಾಲುವೆ ಈಗ ಬೇಕಾದೀತು. ಎರಡನೆಯದು, ಜೇಡಿ ಭಾರ ಲೋಹಗಳನ್ನೂ ಹಿಡಿದುಕೊಳ್ಳುತ್ತದೆ. ಇಂಥ ಕೆರೆಯ ಗೋಡನ್ನು ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಪರೀಕ್ಷೆ ಮಾಡಿಸದೆ ಸೊಪ್ಪು ತರಕಾರಿ ಬೆಳೆಯುವ ಹೊಲಕ್ಕೆ ಹೊಡೆಸಬೇಡಿ. ಮಾಮೂಲು ಮಣ್ಣು ಪರೀಕ್ಷೆಯಲ್ಲಿ ಇವು ಬರುವುದಿಲ್ಲ, ಬೇರೆಯಾಗಿ ಕೇಳಬೇಕು. ಅಲ್ಲಿಯವರೆಗೆ ಆ ನೀರು ಸೇರದ, ಮಳೆಯನ್ನೇ ನಂಬಿದ ಸಣ್ಣ ಕುಂಟೆ, ಕೆರೆಗಳ ಗೋಡು ನಿಮಗೆ ಸುರಕ್ಷಿತ.

ಗೋಡು ಯಾವ ಕೆರೆಯದಾದರೂ, ಹೊಡೆಸುವ ಮುನ್ನ ಹೊಲದ ಬದು ಸರಿ ಮಾಡಿಸಿ. ಬದು ಇಳಿಜಾರಿಗೆ ಅಡ್ಡವಾಗಿರಬೇಕು, ಹೆಚ್ಚುವರಿ ನೀರು ಹೋಗಲು ಕಲ್ಲು ಜೋಡಿಸಿದ ಒಂದು ಬಾಯಿ ಇರಬೇಕು. ಬದುವಿನ ಮೇಲೆ ತೊಗರಿ ಅಥವಾ ಹುಲ್ಲು ಹಾಕಿ. ಗ್ರಾಮ ಪಂಚಾಯಿತಿಯ ಉದ್ಯೋಗ ಖಾತರಿ ಕಾಮಗಾರಿಯಲ್ಲಿ ಇದಕ್ಕೆ ಕೂಲಿ ಸಿಗುತ್ತದೆಯೇ ಎಂದು ವಿಚಾರಿಸಿ. ಬದುವಿಲ್ಲದ ಹೊಲಕ್ಕೆ ಹೊಡೆಸಿದ ಗೋಡು ಎರಡು ಮೂರು ಮುಂಗಾರಿನಲ್ಲಿ ಬಂದ ದಾರಿಯಲ್ಲೇ ಕೆರೆಗೆ ಇಳಿದುಹೋಗುತ್ತದೆ.